ದನಿಯಿಲ್ಲದ ಸನ್ಮಾನ ಭಾಷಣ

ಇದನ್ನು ನಂಬದೆ ಇರಿ ನೋಡೋಣ. ಕುರುಗೋಡಿನಲ್ಲಿ ನನ್ನಷ್ಟು ಚೆಂದ ಸುಳ್ಳು ಹೇಳುವವನು ಇನ್ನೊಬ್ಬನಿಲ್ಲ, ಆದರೆ ಇದು ನಡೆದದ್ದು.

ಸಿರುಗುಪ್ಪದಲ್ಲಿರುವ ನನ್ನ ತಮ್ಮನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ತುಟಿ ನೋಡಿ ಮಾತು ಓದುತ್ತಾಳೆ. ಜೀನ್ಸ್ ಪ್ಯಾಂಟಿನ ಕಟಿಂಗ್ ಕಲಿತು ಬಳ್ಳಾರಿಯಲ್ಲಿ ಕೆಲಸ ಹಿಡಿಯಬೇಕೆಂದು ಅಲ್ಲಿಯ ಮಾಸ್ತರೊಬ್ಬರ ಆನ್‌ಲೈನ್ ಕೋರ್ಸಿಗೆ ಸೇರಿದಳು. ವಿಡಿಯೊದಲ್ಲಿ ಕಾಣುವುದು ಕತ್ತರಿ, ಬಟ್ಟೆ, ಮಾಸ್ತರ ಕೈ. ಮುಖವೇ ಇಲ್ಲ; ಓದಲು ತುಟಿ ಎಲ್ಲಿಂದ ಬರಬೇಕು? ಕೆಳಗೆ ಒಂದಕ್ಷರವೂ ಇಲ್ಲ. ಮೊದಲ ಪಾಠಕ್ಕೇ ಬಟ್ಟೆ ಹಾಳಾಯಿತು. ಕೋರ್ಸ್ ಬಿಟ್ಟೇಬಿಡುತ್ತೇನೆ ಎಂದು ಕೂತಳು.

ನಾನು ಬಳ್ಳಾರಿ ಬಸ್ ಹತ್ತಿದೆ.

"ನೀವು ಹೇಳೋದನ್ನ ಕೆಳಗ ಅಕ್ಷರದಾಗ ಹಾಕ್ರಿ ಸರ," ಎಂದೆ ಮಾಸ್ತರಿಗೆ.

"ಏ ಯಜಮಾನ್ರ, ನೋಡಿದ್ರ ತಿಳೀತೈತಿ. ಒಬ್ಬಾಕಿ ಸಲುವಾಗಿ ಬರಕೊಂತ ಕುಂದ್ರಾಕ ಆಗತೈತೇನು?"

"ಹೋಗ್ಲಿ ಬಿಡ್ರಿ. ನಮ್ಮೂರಾಗ ನಿಮಗೊಂದು ಸನ್ಮಾನ ಇಟ್ಕಂಡೀವ್ರಿ."

"ಅಯ್ಯ, ನನಗ್ಯಾಕ್ರಿ ಅದೆಲ್ಲ... ಯಾವತ್ತು?"

ನಮ್ಮ ಕಡೆ ಶಾಲು, ಹಾರ ಎಂದರೆ ಯಾರೂ ಕಾರಣ ಕೇಳುವುದಿಲ್ಲ. ಮಾಸ್ತರು ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಬಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಆಸೆ ತೋರಿಸಿ ಪಕ್ಕದ ಬಾದನಹಟ್ಟಿಯ ಗೆಳೆಯರಿಂದ ಸಭೆ ತುಂಬಿಸಿದ್ದೆ.

ಶಾಲು ಹೊದಿಸಿ ಮೈಕ್ ಹಿಡಿದೆ. ಮಾಸ್ತರ ಗುಣಗಾನ ಶುರು ಮಾಡಿದೆ. ಕೈ ಬೀಸಿದೆ, ಎದೆ ತಟ್ಟಿಕೊಂಡೆ, ಬಾಯಿ ಆಡಿಸಿದೆ. ದನಿ ಮಾತ್ರ ಬಿಡಲಿಲ್ಲ.

"ಲೇ, ಮೈಕ್ ನೋಡಲೇ!" ಎಂದು ಹಿಂದಿನವರು ಕೂಗಿದರು. ಮೈಕಿನವನು ವೈರು ಎಳೆದಾಡಿದ.

"ಕೇಳವಲ್ದು ಯಜಮಾನ್ರ! ನನ್ನ ಬಗ್ಗಿ ಏನಂದ್ರಿ?" ಮಾಸ್ತರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಮುಂದಿನ ಸಾಲಿನಲ್ಲಿ ಕೂರಿಸಿದ್ದ ನನ್ನ ತಮ್ಮನ ಮಗಳೊಬ್ಬಳೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಗ ದನಿ ತೆಗೆದೆ. "ನೋಡಿದ್ರ ತಿಳೀತೈತಿ ಅಂದಿದ್ರಲ್ರಿ ಸರ?"

ಮಾಸ್ತರ ಮುಖ ಕೆಂಪಾಯಿತು. "ಕರೆಸಿ ಮರ್ಯಾದಿ ತಗೀತೀರೇನ್ರಿ?"

"ಶಾಲು ನಿಮ್ದ, ಒಯ್ರಿ. ಅಕ್ಷರ ಹಾಕಲಿಲ್ಲಂದ್ರ ಮುಂದಿನ ಸನ್ಮಾನ ನಿಮ್ಮ ಮನಿ ಮುಂದ!"

"ಹಾಕ್ತಾರ ಬಿಡ್ರಿ, ನಾ ಅದೀನಿ," ಎಂದರು ಅವರ ಹೆಂಡತಿ.

ಹಾಕಿದರು, ಎಲ್ಲ ಪಾಠಗಳಿಗೂ. ನಮ್ಮ ಹುಡುಗಿ ಈಗ ಬಳ್ಳಾರಿಯಲ್ಲಿ ಕಟಿಂಗ್ ಟೇಬಲ್ಲಿಗೆ ನಿಂತಿದ್ದಾಳೆ. ಆಕೆ ಕತ್ತರಿಸಿದ ಜೀನ್ಸ್ ತೊಟ್ಟೇ ಈ ವಯಸ್ಸಿನಲ್ಲಿ ಊರು ತಿರುಗುತ್ತೇನೆ, ನಗುವವರು ನಗಲಿ.

ಸುಳ್ಳು ಒಂದೇ ಸೇರಿಸಿದ್ದೇನೆ. ಅಂದು ನಾನು ಮಾಡಿದ್ದು ಗುಣಗಾನವಲ್ಲ, ಮಾಸ್ತರ ವಂಶವನ್ನೆಲ್ಲ ಎಳೆದು ಬೈದೆ. ತುಂಬಿದ ಸಭೆಯಲ್ಲಿ ಅದು ತಿಳಿದದ್ದು ಆಕೆಯೊಬ್ಬಳಿಗೇ.