ಶಂಶಾದ್ ಮೇಡಂ ಮತ್ತು ಪ್ಲೇಗಿನ ಪಾಠ

ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಇಲಿಬೋನು. ಶಂಶಾದ್ ಮೇಡಂ ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಹಾಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದುದೇ. ಬಾಗಿಲು ಟಪ್ಪೆಂದು ಬೀಳುವ ಮರದ ಹಳೇ ಬೋನು ಅದು. ಗಣಿತದ ಮೇಷ್ಟ್ರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು, “ಮೇಡಂ, ಒಳಗೇನಾದ್ರೂ ಇದೆಯಾ?” ಎಂದರು. “ಇದ್ದಿದ್ರೆ ಕ್ಲಾಸಿಗೆ ಇನ್ನೂ ಚೆನ್ನಾಗಿರ್ತಿತ್ತು ಸಾರ್. ಖಾಲಿ,” ಎಂದು ಮೇಡಂ ಬೇಸರದಿಂದಲೇ ಹೇಳಿ, ನಾವೆಲ್ಲ ಟೀ ಕುಡಿಯುವ ಮೇಜಿನ ನಟ್ಟನಡುವೆ ಅದನ್ನು ಇಟ್ಟರು.

ಕೆಂಪಾಪುರದ ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯವರಿಗೆ ಪ್ರತಿವರ್ಷ ಒಂದು ಹಳೆಯ ಕನ್ನಡ ಕಾದಂಬರಿಯನ್ನು ಪೂರ್ತಿ ಓದಿಸುತ್ತಾರೆ. ಆ ವರ್ಷ ಬಂದದ್ದು ಪ್ಲೇಗಿನ ಕಾಲದ ಕತೆ. ಮನೆಯೊಳಗೆ ಇಲಿ ಸತ್ತು ಬಿದ್ದರೆ ಜನ ಬಾಗಿಲು ಹಾಕಿಕೊಂಡು, ಊರಾಚೆಯ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದ ಕಾಲ. ಅದನ್ನು ಇವತ್ತಿನ ಮಕ್ಕಳಿಗೆ ಮುಟ್ಟಿಸಲು ಯಾವ ಚಿತ್ರ ಬೇಕು, ಯಾವ ವಸ್ತು ಬೇಕು, ಯಾವ ವಿಡಿಯೋ ಬೇಕು ಎಂದು ಆರಿಸುವ ಕೆಲಸ ನಮ್ಮಿಬ್ಬರದು: ಕನ್ನಡ ಪಾಠ ಮಾಡುತ್ತಲೇ ತಲೆ ನರೆತಿದ್ದ ಮೇಡಂ, ಆಗಷ್ಟೇ ಸೇರಿದ್ದ ನಾನು.

ಆರಿಸುವುದರಲ್ಲಿ ಅವರದೇ ಒಂದು ಕ್ರಮವಿತ್ತು. ತಂದದ್ದು ಏನೇ ಇರಲಿ, ಒಂದು ವಾರ ಸ್ಟಾಫ್ ರೂಮಿನ ಮೇಜಿನ ಮೇಲಿರಬೇಕು. “ಯಾರು ಮುಟ್ಟಿ ನೋಡ್ತಾರೆ ಅನ್ನೋದು ಬಿಡಮ್ಮ. ಯಾರು ಆ ಕಡೆ ತಿರುಗೂ ನೋಡಲ್ಲ, ಅವ್ರನ್ನ ಗಮನಿಸ್ತಿರು. ಕ್ಲಾಸಲ್ಲೂ ಅಂಥದ್ದೊಂದು ಮಗು ಇದ್ದೇ ಇರುತ್ತೆ,” ಎನ್ನುತ್ತಿದ್ದರು. ನಾನು ಉತ್ಸಾಹದಿಂದ ಒಂದು ವಿಡಿಯೋ ಹುಡುಕಿ ತಂದಿದ್ದೆ. ಸಾಲು ಸಾಲು ಹೆಣಗಳು, ಹಿಂದೆ ಢಮಢಮ ಸಂಗೀತ. ಅರ್ಧಕ್ಕೇ ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಯಾ ಅಲ್ಲಾ, ನಿಲ್ಸು! ಇದನ್ನ ತೋರಿಸಿದ್ರೆ ಮಕ್ಕಳು ಹೆದರ್ತಾರೆ ನಿಜ. ಆದ್ರೆ ಯಾರಿಗೋಸ್ಕರಾನೂ ಹೆದರಲ್ಲ,” ಎಂದರು.

ಹಾಗೆಂದು ಅವರೇನು ಧೈರ್ಯವಂತೆಯಲ್ಲ. ಅಷ್ಟು ಪುಕ್ಕಲು ಮನುಷ್ಯರನ್ನು ನಾನು ಕಂಡೇ ಇಲ್ಲ. ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದರು. ಲಿಫ್ಟಿಗೆ ಹೆದರಿ, ಮಂಡಿನೋವಿನಲ್ಲೂ ಮೂರು ಮಹಡಿ ಹತ್ತಿ ಬರುತ್ತಿದ್ದರು. ಸಂಜೆ ನಾವು ಒಂದೇ ಬಸ್ಸಿನಲ್ಲಿ ಹೋದರೆ, ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ವಾಲಿದ ಕೂಡಲೇ ನನ್ನ ಕೈ ಹಿಡಿದು, ಕಣ್ಣು ಮುಚ್ಚಿ ದುವಾ ಹೇಳಿಕೊಳ್ಳುತ್ತಿದ್ದರು. ಕೆಳಗಿಳಿದ ಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ ಮಕ್ಕಳ ಉತ್ತರಪತ್ರಿಕೆಯ ಸುದ್ದಿ ತೆಗೆಯುತ್ತಿದ್ದರು.

ಬೋನಿನ ಪಕ್ಕಕ್ಕೆ ಆಮೇಲೆ ಒಂದು ಹಳೆಯ ಫೋಟೋದ ಪ್ರತಿ ಬಂತು. ಹೊಲದಲ್ಲಿ ಗುಡಿಸಲುಗಳು, ಒಂದರ ಮುಂದೆ ಒಬ್ಬನೇ ಕೂತ ಮುದುಕ. ಅವತ್ತಿನಿಂದ ನಾನು ಊಟದ ಡಬ್ಬಿ ತೆಗೆದುಕೊಂಡು ಕಿಟಕಿಯ ಕಡೆಗೆ ಹೋಗಿ ಕೂರತೊಡಗಿದೆ. ಎರಡು ದಿನ ಗಮನಿಸಿದ ಮೇಡಂ, ಮೂರನೆಯ ದಿನ ತಮ್ಮ ಡಬ್ಬಿಯನ್ನೂ ಅಲ್ಲಿಗೇ ತಂದರು.

“ಸವಿತಾ, ನೀನು ಆ ಫೋಟೋ ನೋಡ್ತಾ ಇಲ್ಲ.”

ಹೇಳಿಬಿಟ್ಟೆ. ಕೊರೋನಾದ ಎರಡನೇ ಅಲೆಯಲ್ಲಿ ಅಪ್ಪನನ್ನು ಅಮೃತಹಳ್ಳಿಯ ನಮ್ಮ ಬೀದಿಯಿಂದ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಆಮೇಲೆ ಅವರನ್ನು ಕಂಡದ್ದು ಸುಡುಗಾಡಿನಲ್ಲಿ, ಅಡ್ಡ ಕಟ್ಟಿದ್ದ ಹಗ್ಗದ ಈ ಕಡೆಯಿಂದ, ಪೂರ್ತಿ ಸುತ್ತಿದ್ದ ಒಂದು ಗಂಟಾಗಿ. ಮುಖ ತೋರಿಸಲಿಲ್ಲ. ಕೇಳುವಂತೆಯೂ ಇರಲಿಲ್ಲ. ಅಂದಿನಿಂದ ನನಗೆ ಕಾಯಿಲೆಯವರ ಹತ್ತಿರ ಸುಳಿಯಲು ಭಯ, ಸಾವಿನ ಮನೆಯೆಂದರೆ ಇನ್ನೂ ಭಯ. ತರಗತಿಯಲ್ಲಿ ಯಾರಾದರೂ ಕೆಮ್ಮಿದರೂ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಕಾದಂಬರಿಯ ನಡುವೆ, ಪ್ಲೇಗು ಬಡಿದ ಅಪ್ಪನಿಗೆ ಮಗಳು ಹೊಸ್ತಿಲಲ್ಲಿ ನೀರಿನ ಚೆಂಬು ಇಟ್ಟು ಹಿಂದೆ ಸರಿಯುವ ಅಧ್ಯಾಯವೊಂದಿದೆ.

“ಅದು ನನ್ನ ಕೈಲಿ ಓದಕ್ಕಾಗಲ್ಲ ಮೇಡಂ. ಅದೊಂದು ದಿನ ನನ್ನ ಸೆಕ್ಷನ್ ನೀವೇ ತಗೊಳ್ಳಿ.”

ಮೇಡಂ ಎದ್ದು ಹೋಗಿ ಫೋಟೋವನ್ನು ತೆಗೆದು ತಮ್ಮ ಬ್ಯಾಗಿಗೆ ಹಾಕಿಕೊಂಡರು. “ಫೋಟೋ ಬೇಡ, ಬಿಡು. ಪಾಠ ಮಾತ್ರ ನೀನೇ ಮಾಡ್ಬೇಕು.”

“ಹೆದರಿಕೆ ಆಗುತ್ತೆ.”

“ಆಗ್ಲಿ. ಹೆದರಿಕೇನೇ ಇಲ್ದಿರೋರ ಕೈಗೆ ಈ ಪಾಠ ಕೊಡಕ್ಕೆ ನಂಗೆ ಭಯ ಕಣಮ್ಮ. ನಾನು ಬಂದು ಲಾಸ್ಟ್ ಬೆಂಚಲ್ಲಿ ಕೂತಿರ್ತೀನಿ.”

ಆ ಪಾಠದ ದಿನ ಬಂತು. ಮೊದಲು ಬೋನನ್ನು ಕೈಯಿಂದ ಕೈಗೆ ದಾಟಿಸಿದೆವು. ಮಕ್ಕಳು ಬಾಗಿಲು ಬೀಳಿಸಿ ಬೀಳಿಸಿ ನಕ್ಕರು. ಆಮೇಲೆ ನಾನು ಓದತೊಡಗಿದೆ. ಚೆಂಬಿನ ವಾಕ್ಯ ಬಂತು, ದನಿ ನಿಂತುಹೋಯಿತು. ಹಿಂದಿನ ಬೆಂಚಿನ ಕಡೆ ನೋಡಿದೆ. ಮೇಡಂ ತಲೆ ಎತ್ತಲೇ ಇಲ್ಲ, ಪುಸ್ತಕದಲ್ಲೇ ಇದ್ದರು.

ಆ ಮಕ್ಕಳಿಗೆ ಐದನೇ ತರಗತಿಯಿಂದ ಮೇಡಂ ಒಂದು ಅಭ್ಯಾಸ ಮಾಡಿಸಿದ್ದರು: ಓದುತ್ತಿರುವವರು ನಿಲ್ಲಿಸಿದರೆ, ಯಾರೂ ಹೇಳದೆಯೇ ಪಕ್ಕದವರು ಎದ್ದು ಮುಂದುವರಿಸಬೇಕು. ಮೊದಲ ಬೆಂಚಿನ ಮೇಘನಾ ತನ್ನ ಸರದಿ ಬಂತೆಂದೇ ತಿಳಿದು ಎದ್ದು ನಿಂತು ಓದಿದಳು. ಅವಳು ನಿಲ್ಲಿಸಿದಾಗ ಪಕ್ಕದವನು, ಆಮೇಲೆ ಅವನ ಹಿಂದಿನವಳು. ಕತೆಯ ಅಪ್ಪ ಮಗಳನ್ನು ಕರೆಯುತ್ತಲೇ ಇದ್ದ, ಓದು ಬೆಂಚಿನಿಂದ ಬೆಂಚಿಗೆ ಹೋಗುತ್ತಲೇ ಇತ್ತು. ನಾನು ಮೇಜು ಹಿಡಿದುಕೊಂಡು ನಿಂತಿದ್ದೆ. ಕೊನೆಯ ಬೆಂಚು ಬಂದಾಗ, ಇಬ್ಬರು ಹುಡುಗಿಯರ ನಡುವೆ ಇರುಕಿಕೊಂಡು ಕೂತಿದ್ದ ಶಂಶಾದ್ ಮೇಡಂ ಮಂಡಿ ಹಿಡಿದುಕೊಂಡು ಎದ್ದು, ತಮ್ಮ ಸರದಿಯನ್ನು ಓದಿದರು. ಅವರ ದನಿಯೂ ನಡುಗುತ್ತಿತ್ತು. ಅಧ್ಯಾಯ ಮುಗಿದರೂ ಯಾರೂ ಪುಸ್ತಕ ಮುಚ್ಚಲಿಲ್ಲ.

“ಮಿಸ್, ಆ ಮಗಳು ಆಮೇಲೆ ಏನಾದ್ಲು?” ಎಂದು ಮೇಘನಾ ನನ್ನನ್ನೇ ಕೇಳಿದಳು.

“ಬದುಕಿದ್ಲು. ಮುಂದಿನ ಅಧ್ಯಾಯದಲ್ಲಿ ಬರುತ್ತೆ,” ಎಂದೆ. ದನಿ ಬಂದಿತ್ತು.

ಮರುವರ್ಷ ಮೇಡಂಗೆ ಶ್ವಾಸಕೋಶದ ಕಾಯಿಲೆ ಶುರುವಾಯಿತು. ಆರ್.ಟಿ. ನಗರದ ಮನೆಗೆ ನೋಡಲು ಹೋದಾಗ ಮೆಟ್ಟಿಲಲ್ಲೇ ಕೆಮ್ಮು ಕೇಳಿತು. ಕೋಣೆಯ ಬಾಗಿಲ ತನಕ ಹೋದವಳಿಗೆ ಮುಂದಕ್ಕೆ ಹೆಜ್ಜೆ ಬರಲಿಲ್ಲ. “ಅಂಟೋದಲ್ಲ ಅಂತ ಡಾಕ್ಟ್ರು ಹೇಳಿದಾರೆ. ಆದ್ರೂ ನಿಂಗಾಗ್ದಿದ್ರೆ ಅಲ್ಲೇ ಕೂತ್ಕೋ. ಇಷ್ಟು ದೂರದಿಂದಾನೂ ಜಗಳ ಆಡ್ಬೋದು,” ಎಂದರು. ಅವರ ಮಗಳು ರೇಷ್ಮಾ ಬಾಗಿಲಲ್ಲೇ ಕುರ್ಚಿ ಹಾಕಿದಳು. ಆ ವರ್ಷದ ಕಾದಂಬರಿಗೆ ನಾನು ಆರಿಸಿದ್ದನ್ನೆಲ್ಲ ಅಲ್ಲಿಂದಲೇ ಹೇಳಿದೆ, ಅರ್ಧಕ್ಕರ್ಧ ಬೇಡವೆಂದರು.

ಒಂದು ತಿಂಗಳೊಳಗೆ, ಒಂದು ಬೆಳಗ್ಗೆ ರೇಷ್ಮಾಳ ಫೋನು ಬಂತು. ಮೇಡಂ ತೀರಿಕೊಂಡಿದ್ದರು. ಗೇಟಿನಿಂದಲೇ ಕೈಮುಗಿದು ಬಂದುಬಿಡೋಣವೆಂದುಕೊಂಡು ಹೋದೆ. ಒಳಗಿನಿಂದ ಯಾರೋ ಹೆಂಗಸು, “ಮುಖ ನೋಡೋರು ಬನ್ನಿ, ಹೊರಡೋ ಹೊತ್ತಾಯ್ತು,” ಎಂದು ಕರೆದರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಯಾರೂ ತಡೆಯಲಿಲ್ಲ, ಯಾವ ಹಗ್ಗವೂ ಇರಲಿಲ್ಲ. ರೇಷ್ಮಾ ಸರಿದು ಜಾಗ ಮಾಡಿ ಬಿಳಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹತ್ತಿರ ಕೂತು, ಹೆದರಿಕೊಂಡೇ, ಅವತ್ತು ನೋಡಲಾಗದ ಅಪ್ಪನ ಪಾಲಿನದನ್ನೂ ಸೇರಿಸಿ ಆ ಮುಖ ನೋಡಿದೆ.