ಜವರಪ್ಪನ ಉಸಿರು
ಪಾಂಡವಪುರದ ಗಿಟಾರು ಕೃಪಾಕರನಿಗೆ ಎಲ್ಲದಕ್ಕೂ ಭಯ. ಅವನೂ ಮೌತ್ ಆರ್ಗನ್ ಊದುವ ಚಿನಕುರಳಿಯ ಜವರಪ್ಪನೂ ಊರೂರಲ್ಲಿ ಬ್ಲೂಸ್ ಎಂಬ ಅಮೆರಿಕದ ನೋವಿನ ಹಾಡು ನುಡಿಸುವ ಜೋಡಿ. ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ತಂತಿ ಹರಿದೀತೆಂಬ ಭಯ, ನಾಗಮಂಗಲದ ಮದುವೆಯಲ್ಲಿ ಕರೆಂಟು ಹೋದೀತೆಂಬ ಭಯ, ಕೆ.ಆರ್. ಪೇಟೆಯವರು ಬ್ಯಾನರಿನಲ್ಲಿ 'ಬ್ಲೌಸ್ ಜೋಡಿ' ಎಂದು ಬರೆಸಿದಾಗಲಂತೂ ಹೆಂಗಸರು ಅಳತೆ ಕೊಡಲು ಬಂದಾರೆಂಬ ಭಯ. "ಏನೂ ಆಗಕಿಲ್ಲ, ಸುಮ್ಕೆ ಬಾರ್ಸ್ಲಾ," ಎಂದು ಜವರಪ್ಪ ಗದರುತ್ತಾನೆ. ಕೃಪಾಕರ ಜನರತ್ತ ತಿರುಗುವುದೇ ಇಲ್ಲ, ಗೆಳೆಯನ ಎದೆಯನ್ನೇ ನೋಡುತ್ತಾ ನುಡಿಸುತ್ತಾನೆ. ಹದಿನೈದು ವರ್ಷ ಕಲ್ಲು ಒಡೆದು ದೂಳು ಕುಡಿದ ಎದೆ ಅದು. ಜವರಪ್ಪನಿಗೆ ಉಸಿರು ಸಾಲದ ಕಡೆಯಲ್ಲೆಲ್ಲ ಇವನು ಗಿಟಾರು ತುಂಬುತ್ತಾನೆ. ಈಚೆಗೆ ಹಾಡಿನಲ್ಲಿ ಗಿಟಾರಿನ ಪಾಲೇ ಹೆಚ್ಚು. "ಎಷ್ಟ್ ಚೆಂದಾಗ್ ಕಲ್ತ್‌ಬುಟ್ಟೆ ಕಣ್ಲಾ!" ಎಂದು ಯಾರಾದರೂ ಹೊಗಳಿದರೆ ಸಾಕು, ಕೃಪಾಕರ ಜವರಪ್ಪನ ಎದೆ ಏರಿಳಿಯುವುದನ್ನು ಎಣಿಸತೊಡಗುತ್ತಾನೆ.