ಗೇಟು ತೆರೆದ ಪಕ್ಕದ ದೇಶ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಬರೆಯದೆ ಬೇರೇನನ್ನೂ ಬರೆಯಲು ಕೈ ಓಡುವುದಿಲ್ಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಪೇಪರನ್ನು ಬೆರಳಿಟ್ಟುಕೊಂಡು ಓದುತ್ತೇನೆ. ದೇಶ ದೇಶಗಳ ಸ್ನೇಹ, ಒಪ್ಪಂದ ಎಂದೆಲ್ಲ ಇರುವ ಪುಟ ಬಂದರೆ ಮಗುಚಿ ಮುಂದೆ ಹೋಗುತ್ತಿದ್ದೆ. ಈ ಸಲ ಹಾಗೆ ಮಾಡಲಾಗಲಿಲ್ಲ. ಮಗುವಿನ ಅಪ್ಪನೇ ಆ ಪುಟದೊಳಗೆ ಸಿಕ್ಕಿಕೊಂಡಿದ್ದ.

ನಮ್ಮ ಅಳಿಯ ವೆಲ್ಡರ್. ಮೊದಲು ಮಾಚೇನಹಳ್ಳಿಯ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದ, ಆಮೇಲೆ ಕೊಲ್ಲಿಯ ಒಂದು ದೇಶಕ್ಕೆ ಹೋದ. ಮಗಳು ಬಾಣಂತನಕ್ಕೆಂದು ಭದ್ರಾವತಿಗೆ, ನ್ಯೂ ಟೌನಿನ ನಮ್ಮ ಮನೆಗೆ ಬಂದಿದ್ದಳು. ತೊಟ್ಟಿಲ ಶಾಸ್ತ್ರಕ್ಕೆ ಅವನು ಬರುವುದೆಂದು ಟಿಕೆಟ್ ಕೂಡ ಆಗಿತ್ತು. ಅಷ್ಟರಲ್ಲಿ ಅವನಿದ್ದ ದೇಶದ ಮೇಲೆ ಕ್ಷಿಪಣಿಗಳು ಬಿದ್ದವು. ವಿಮಾನಗಳು ನಿಂತವು.

ನಮ್ಮ ಯಜಮಾನರು ಟಿವಿ ಮುಂದೆ ಕೂತು ನನಗೆ ಧೈರ್ಯ ಹೇಳಿದರು. "ಹೆದರ್ಬೇಡ ಕಣೇ. ಒಂದು ದೊಡ್ಡ ದೇಶ ಅಳಿಯ ಇರೋ ದೇಶದ ಜೊತೆ ಒಪ್ಪಂದ ಮಾಡ್ಕೊಂಡಿದೆ. ಇವ್ರನ್ನ ಮುಟ್ಟಿದ್ರೆ ಅವ್ರನ್ನ ಮುಟ್ಟಿದ ಹಾಗೆ. ನಾಳೆ ಸೈನ್ಯ ತಗೊಂಡು ಬರ್ತಾರೆ ನೋಡು."

ಮಾರನೆಯ ದಿನ ಆ ದೊಡ್ಡ ದೇಶ ದಾಳಿಯನ್ನು ಖಂಡಿಸಿತು.

"ಖಂಡಿಸಿದ್ರೆ ಏನಾಗುತ್ತೆ?" ಎಂದೆ.

"ಹಾಗೆ ಮಾಡಿದ್ದು ತಪ್ಪು ಅಂತ ಹೇಳಿದ್ರು."

"ತಪ್ಪು ಅಂತ ನಾನೂ ಹೇಳ್ತೀನಿ. ಅದಕ್ಕೆ ದೊಡ್ಡ ದೇಶ ಯಾಕೆ ಬೇಕು ಮಾರಾಯ್ರೆ?"

ನಾನು ರಿಮೋಟ್ ಕಿತ್ತುಕೊಂಡು ಸೌಂಡ್ ಪೂರ್ತಿ ಇಳಿಸಿದೆ. ಒಳಗೆ ಬಾಣಂತಿ ಮಲಗಿದ್ದಳು. ಆದರೆ ಸೌಂಡ್ ಇಳಿಸಿದ ಮಾತ್ರಕ್ಕೆ ಸುದ್ದಿ ನಿಲ್ಲುತ್ತದೆಯೇ? ಅವಳ ಕೈಯಲ್ಲೂ ಫೋನಿತ್ತು. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಏನು ಬಡಿಸಿದರೂ ತಟ್ಟೆ ಹಾಗೇ ವಾಪಸ್ಸು ಬರುತ್ತಿತ್ತು. ಹಾಲು ಕಡಿಮೆಯಾಯಿತು. ಮಗು ಎದೆ ಬಿಟ್ಟು ಬಿಟ್ಟು ಅಳುತ್ತಿತ್ತು. ಅಲ್ಲೆಲ್ಲೋ ಹೊತ್ತಿದ ಬೆಂಕಿ ನನ್ನ ಮೊಮ್ಮಗಳ ಬಾಯಿಯವರೆಗೆ ಬಂದಿತ್ತು. ಅಳಿಯನ ಫೋನು ಮೊದಲು ದಿನಕ್ಕೊಂದು ಸಲ ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಇಲ್ಲಿ ನಮ್ಮ ಬೀಗರ ವಿಷಯ ಹೇಳಬೇಕು. ಅಳಿಯನ ಅಮ್ಮ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಇದ್ದಾರೆ, ಗಂಡ ತೀರಿಕೊಂಡವರು. ಅವರ ಮನೆಯ ಗೃಹಪ್ರವೇಶಕ್ಕೆ ನಮ್ಮನ್ನು ಫೋನಿನಲ್ಲಿ ಕರೆದರು. ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯಲಿಲ್ಲವೆಂದು ನಮ್ಮ ಯಜಮಾನರಿಗೆ ಸಿಟ್ಟು. ನಾವು ಹೋಗಲಿಲ್ಲ. ನಮ್ಮ ಮಗಳ ಸೀಮಂತಕ್ಕೆ ಅವರು ಬರಲಿಲ್ಲ. ಅಗ್ನಿಯ ಮುಂದೆ, ಊರಿನವರೆಲ್ಲ ಅಕ್ಷತೆ ಹಾಕಿ ಗಟ್ಟಿ ಮಾಡಿದ ಸಂಬಂಧ ಆಮೇಲೆ ಹೆಸರಿಗಷ್ಟೇ ಉಳಿಯಿತು.

ಫೋನು ನಿಂತ ಮೇಲೆ ಒಂದು ಬೆಳಿಗ್ಗೆ ಬೀಗಿತ್ತಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಸೀರೆಯ ನೆರಿಗೆ ಎಲ್ಲೆಲ್ಲೋ ಹೋಗಿತ್ತು.

"ಬೀಗರು ಒಂದು ಫೋನ್ ಕೂಡ ಮಾಡ್ದೆ ಬಂದ್ರಲ್ಲ" ಎಂದರು ನಮ್ಮ ಯಜಮಾನರು.

"ಫೋನ್ ಮಾಡಿದ್ರೆ ನಿಮಗೆ ಸಿಟ್ಟು ಬರುತ್ತಲ್ಲ ಬೀಗರೇ, ಅದಕ್ಕೇ ಮಾಡ್ಲಿಲ್ಲ" ಎಂದರು ಅವರು. ಹಾಗೆನ್ನುತ್ತಲೇ ಅತ್ತುಬಿಟ್ಟರು. ನಾನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಅವರು ಸೊಸೆಯ ಪಕ್ಕ ಕೂತು ತಾವೇ ತುತ್ತು ಕಲಸಿದರು. "ಉಣ್ಣು ಮಾರಾಯ್ತಿ. ನನ್ನ ಮಗ ಬಂದು ಮಗು ಯಾಕೆ ಸೊರಗಿದೆ ಅಂದ್ರೆ ನಾನೇನು ಹೇಳ್ಲಿ?" ಎಂದರು. ಮಗಳು ಉಂಡಳು. 'ನನ್ನ ಮಗ ಬಂದು' ಎಂದು ಅವರು ಅಂದದ್ದಕ್ಕೇ ಉಂಡಳೇನೋ.

ಆ ಮಧ್ಯಾಹ್ನವೇ ಅವನ ಫೋನು ಬಂತು. "ಅಮ್ಮ ಅಲ್ಲೇ ಇದ್ದಾರಾ? ಒಳ್ಳೇದಾಯ್ತು. ನಮ್ಮನ್ನ ಬಸ್ಸಲ್ಲಿ ಕೂರಿಸಿದ್ದಾರೆ. ಪಕ್ಕದ ದೇಶದ ಗಡಿಗೆ ಕರ್ಕೊಂಡು ಹೋಗ್ತಾರಂತೆ. ಅವ್ರು ಗೇಟು ತೆಗೀತಾರೋ ಇಲ್ವೋ ಗೊತ್ತಿಲ್ಲ." ಅಷ್ಟಕ್ಕೇ ಕಟ್ಟಾಯಿತು.

ತೆಗೆಯದಿದ್ದರೆ? ಹಿಂದೆ ಕ್ಷಿಪಣಿ, ಮುಂದೆ ಮುಚ್ಚಿದ ಗೇಟು, ನಡುವೆ ಮರಳು. ನಾನೂ ಬೀಗಿತ್ತಿಯೂ ದೇವರ ಮುಂದೆ ಕೂತೆವು, ಆದರೆ ಏನು ಬೇಡಿಕೊಳ್ಳಬೇಕೆಂದು ತೋಚಲಿಲ್ಲ. ಕಾಣದ ಒಂದು ದೇಶಕ್ಕೆ ಒಳ್ಳೆಯ ಬುದ್ಧಿ ಕೊಡು ಎಂದು ಕೈ ಮುಗಿದದ್ದು ಆವತ್ತೇ ಮೊದಲು.

ಅವರು ತೆಗೆದರು. ಅಳಿಯ ಗೇಟು ದಾಟಿದ. ಅಲ್ಲಿಂದ ವಿಮಾನ ಹತ್ತಿ ಊರಿಗೆ ಬಂದ, ಮಗುವನ್ನು ಎತ್ತಿಕೊಂಡ. ಆಗ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಡುಗೆಮನೆಯಲ್ಲಿ ಪಾಯಸ ತಳ ಹತ್ತಿತು. ಅದನ್ನೇ ಎಲ್ಲರೂ ಉಂಡೆವು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಅವನನ್ನು ಕೇಳಿದೆ. ಆ ದೊಡ್ಡ ದೇಶ ಸಹಿ ಮಾಡಿಯೂ ಬರಲಿಲ್ಲ, ಪಕ್ಕದ ಚಿಕ್ಕ ದೇಶ ನಿಮಗೆ ಗೇಟು ತೆಗೆಯಿತು, ಯಾಕೆ? ಅವನಿಗೂ ಪೂರ್ತಿ ಗೊತ್ತಿರಲಿಲ್ಲ. "ಅಲ್ಲಿ ರಸ್ತೆ ಕಟ್ಟೋರು, ಆಸ್ಪತ್ರೇಲಿ ನರ್ಸುಗಳು, ಎಲ್ಲ ನಮ್ಮೋರೇ ಅತ್ತೆ. ನಮ್ಮ ಅಕ್ಕೀನೇ ಅವ್ರು ಉಣ್ಣೋದು. ನಮ್ಮ ಸರ್ಕಾರದೋರು ಕೇಳಿದ್ರು, ಅವ್ರು ಬಿಟ್ರು" ಎಂದ. ನನಗೆ ಅನಿಸಿದ್ದು ಇಷ್ಟು. ದೊಡ್ಡ ದೇಶಕ್ಕೆ ಸಹಿ ಹಾಕಿದ ದಿನ ಖರ್ಚೇನೂ ಇರಲಿಲ್ಲ. ಬೆಂಕಿ ಬಿದ್ದ ದಿನ ತನ್ನ ಮಕ್ಕಳನ್ನು ಯುದ್ಧಕ್ಕೆ ಕಳಿಸುವ ಹೊತ್ತು ಬಂತು, ಹಿಂದೆ ಸರಿಯಿತು. ದಿನಾ ಕೊಟ್ಟು ತೆಗೆದುಕೊಂಡು ಇದ್ದವರಿಗೆ ಬಾಗಿಲು ತೆಗೆಯಲು ಯೋಚನೆ ಬೇಕಾಗಲಿಲ್ಲ. ನಮ್ಮ ಎರಡು ಮನೆಗಳ ನಡುವೆಯೂ ಹಾಗೇ ಅಲ್ಲವೇ, ಅಕ್ಷತೆಯ ಸಂಬಂಧ ಹೆಸರಿಗಷ್ಟೇ ಉಳಿದಿತ್ತು, ಬೀಗಿತ್ತಿ ಬಂದು ಕಲಸಿದ ತುತ್ತು ಬಾಗಿಲು ತೆಗೆಯಿತು.

ಆದರೆ ಅಳಿಯ ಮಗುವನ್ನು ಮಡಿಲಲ್ಲಿಟ್ಟುಕೊಂಡೂ ಫೋನು ನೋಡುತ್ತಲೇ ಇದ್ದ. ಬೀಗಿತ್ತಿ ಗದರಿದ ಮೇಲೆ ಹೇಳಿದ. ಅವನ ರೂಮಿನಲ್ಲೇ ಇದ್ದ, ಅವನ ಜೊತೆಗೇ ವೆಲ್ಡಿಂಗ್ ಮಾಡುತ್ತಿದ್ದ, ಬೇರೆ ದೇಶದ ಒಬ್ಬ ಗೆಳೆಯ ಅದೇ ಬಸ್ಸಿನಲ್ಲಿ ಬಂದಿದ್ದ. ಗಡಿಯಲ್ಲಿ ಒಂದೊಂದು ದೇಶದವರನ್ನು ಕರೆದು ದಾಟಿಸಿದರು. ಅವನ ದೇಶದ ಪರವಾಗಿ ಮಾತಾಡಲು ಯಾರೂ ಬಂದಿರಲಿಲ್ಲ. ಅವನು ಗೇಟಿನ ಆಚೆಗೇ ಉಳಿದ. ಅವನಿಗೂ ಅಮ್ಮ ಇದ್ದಾಳೆ, ಮಗ ಇದ್ದಾನೆ. ಅಳಿಯ ಕಳಿಸಿದ ಮೆಸೇಜಿಗೆ ಒಂದೇ ಟಿಕ್ ಬಿದ್ದಿತ್ತು.

ಇದನ್ನು ಕೇಳಿದಂದಿನಿಂದ ಮೊಮ್ಮಗಳನ್ನು ಮುದ್ದಾಡುವಾಗಲೂ ನನ್ನ ಒಂದು ಕಣ್ಣು ಆ ಫೋನಿನ ಮೇಲೆ. ನಿನ್ನೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗ ಅಳಿಯ ಹೊರಗಿನಿಂದ ಕೂಗಿದ, "ಅತ್ತೆ, ಎರಡು ಟಿಕ್ ಬಂತು!"

ಬೀಗಿತ್ತಿ ಒಲೆ ಬಿಟ್ಟು ಓಡಿ ಬಂದರು. "ಹಾಗಂದ್ರೆ ಏನೋ?"

"ಅವನ ಫೋನಿಗೆ ತಲುಪಿದೆ ಅಮ್ಮಾ. ಇನ್ನೂ ನೋಡಿಲ್ಲ."